ಚಿಗವ್ವನ ಕುಬಸ, ಚಿಗವ್ವನ ಗುಳಿಗೆ

ಇಲ್ಲಿ ಹೇಳಹೊರಟಿರುವುದರಲ್ಲಿ ಸ್ವಲ್ಪವಾದರೂ ತಪ್ಪಿರುತ್ತದೆ. ಚಿಗವ್ವನ ಕುಬಸದ ದಿನ ಅಂಗಳದ ತುಂಬ ಬೇವಿನ ಹೂ ಉದುರಿತ್ತು ಅಂತ ನನಗೆ ಸ್ಪಷ್ಟವಾಗಿ ನೆನಪಿದೆ. ಸವಣೂರಿನ ಆ ಮನೆಯಲ್ಲಿ ಬೇವಿನ ಗಿಡ ಇರಲೇ ಇಲ್ಲ, ಇದ್ದದ್ದು ನುಗ್ಗೆ ಗಿಡ ಎಂದು ನನ್ನ ತಮ್ಮ ಆಣೆ ಇಟ್ಟು ಹೇಳುತ್ತಾನೆ. ಅವನು ಆಗಿನ್ನೂ ಅಂಬೆಗಾಲಿಡುವ ಕೂಸು, ಅವನ ಆಣೆಯನ್ನು ಎಷ್ಟು ನಂಬಬೇಕೋ ನೀವೇ ಹೇಳಿ. ಆದರೆ ನನ್ನ ಹೂವನ್ನಾದರೂ ಯಾಕೆ ನಂಬಬೇಕು? ನಾನು ದಿನಚರಿ ಬರೆಯತೊಡಗಿದ್ದು ಧಾರವಾಡದಲ್ಲಿ ಕಾಲೇಜು ಸೇರಿದ ಮೇಲೆ. ಅದಕ್ಕೂ ಮುಂಚಿನದೆಲ್ಲ ಬರೀ ಕೇಳಿದ್ದು, ಕಂಡದ್ದು, ಆಮೇಲೆ ಯಾವಾಗಲೋ ನಾನೇ ಹೊಲಿದು ಸೇರಿಸಿದ್ದು. ಹೊಲಿಗೆ ಎಲ್ಲಿದೆ ಅಂತ ಈಗ ನನಗೂ ಕಾಣುವುದಿಲ್ಲ.

ಕಹಿ ಮಾತ್ರ ನಿಜ. ಅದರ ಬಗ್ಗೆ ಯಾರೂ ನನ್ನೊಡನೆ ವಾದಕ್ಕೆ ಬರಲಾರರು.

ಹೋದ ತಿಂಗಳು ನನಗೆ ಕೆಮ್ಮು, ಏದುಸಿರು ಹೆಚ್ಚಾಗಿ ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಎದೆ ಕೇಳಿ, ಒಂದು ಗುಳಿಗೆ ಬರೆದುಕೊಟ್ಟು, "ಅಜ್ಜಿ, ಇದನ್ನ ಆರಾಮಾತು ಅಂತ ನಡುವೆ ಬಿಡಬೇಡಿ. ನಾನು ಹೇಳಿದ ಹಾಗೆ ಕಡಿಮೆ ಮಾಡ್ತಾ ಬರಬೇಕು" ಎಂದು ಎರಡು ಸಲ ಹೇಳಿದಳು. ಮನೆಗೆ ಬಂದು ಗುಳಿಗೆ ಬಾಯಿಗೆ ಹಾಕಿಕೊಂಡೆ, ನೀರಿನ ತಂಬಿಗೆ ಅಡುಗೆಮನೆಯಲ್ಲೇ ಬಿಟ್ಟಿದ್ದೆ. ನೀರು ತರುವಷ್ಟರಲ್ಲಿ ಅದು ನಾಲಿಗೆಯ ಮೇಲೆ ಕರಗಿತು. ಆ ಕಹಿ! ಹಾಗಲಕಾಯಿಯದಲ್ಲ, ಬೇವಿನದೂ ಅಲ್ಲ. ಸುಣ್ಣದ ಗೋಡೆ ನೆಕ್ಕಿದ ಹಾಗೆ ಮೊದಲು ಸಪ್ಪೆ, ಆಮೇಲೆ ಗಂಟಲ ಬುಡದಲ್ಲಿ ಕೂತು ಏಳದ ಕಹಿ. ನಾನು ತಂಬಿಗೆ ಹಿಡಿದುಕೊಂಡು ನಿಂತೇಬಿಟ್ಟೆ. ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಒಂದು ಬೇಸಿಗೆಯಲ್ಲಿ ಸವಣೂರಿನ ಪಡಸಾಲೆಯಲ್ಲಿ ಕದ್ದು ನೆಕ್ಕಿದ್ದ ರುಚಿ ಅದು. ಚಿಗವ್ವ ಅದನ್ನು ಬೆಲ್ಲದ ಚೂರಿನಲ್ಲಿ ಹುದುಗಿಸಿ ನುಂಗುತ್ತಿದ್ದಳು. ನನಗೆ ಬೆಲ್ಲ ಮಾತ್ರ ಕಂಡಿತ್ತು.

ಚಿಗವ್ವ ಅಂದರೆ ನಮ್ಮವ್ವನ ತಂಗಿ ಶಾಂತವ್ವ. ಇಬ್ಬರ ತವರೂ ಹಿರೇಕೆರೂರು. ಅವ್ವನನ್ನು ಹಾನಗಲ್ಲಿಗೆ ಕೊಟ್ಟಿದ್ದರು, ಚಿಗವ್ವನನ್ನು ಸವಣೂರಿಗೆ. ತಂದೆತಾಯಿ ಬೇಗ ಹೋಗಿದ್ದರಿಂದ ಚಿಗವ್ವನಿಗೆ ತವರೆಂದರೆ ನಮ್ಮ ಹಾನಗಲ್ಲಿನ ಮನೆಯೇ. ಅವಳ ಗಂಡ, ನಾನು ಕಾಕಾ ಅನ್ನುತ್ತಿದ್ದವರು, ವೀಳ್ಯದ ಎಲೆಬಳ್ಳಿಯ ತೋಟ ಮಾಡಿಕೊಂಡಿದ್ದರು. ಮನೆಯಲ್ಲಿ ಮೂರನೆಯವರು ಕಾಕಾನ ತಾಯಿ. ಅವರನ್ನು ಓಣಿಯೆಲ್ಲ ಆಯಿ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಎಲೆಯಡಿಕೆಯ ಸಂಚಿ ಅವರ ಸೊಂಟ ಬಿಟ್ಟು ಇಳಿದದ್ದನ್ನು ನಾನು ನೋಡಿಲ್ಲ.

ಮುಂದೆ ಸ್ವಲ್ಪ ಅಂಜಿಕೆಯ ಸಂಗತಿ ಬರುತ್ತದೆ. ಅದಕ್ಕೆ ಈಗಲೇ ಹೇಳಿಬಿಡುತ್ತೇನೆ, ಚಿಗವ್ವ ಉಳಿದಳು. ಈಗಲೂ ಇದ್ದಾಳೆ, ಎಂಬತ್ತು ದಾಟಿದ್ದಾಳೆ, ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಬೈಯುತ್ತಾಳೆ. ನೀವು ನಿರಾಳವಾಗಿ ಓದಬಹುದು. ನನಗೆ ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಅವಳು ಮದುವೆಯಾಗಿ ಹೋಗಿ ಬಹಳ ವರ್ಷವಾದರೂ ಮಕ್ಕಳಾಗಿರಲಿಲ್ಲ. ಅದರ ಮೇಲೆ ಕೀಲುನೋವು ಹತ್ತಿಕೊಂಡಿತು. ಮುಂಜಾನೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಹಿಟ್ಟು ನಾದಲು ಕೂತರೆ ಮಣಿಕಟ್ಟು ಬಾತು ಕಣ್ಣಲ್ಲಿ ನೀರು ಬರುತ್ತಿತ್ತು. ಸವಣೂರಿನಂಥ ಊರಲ್ಲಿ ಸೊಸೆ ರೊಟ್ಟಿ ಬಡಿಯಲಾರಳು ಅಂದರೆ ಆ ಮನೆಯ ಮಾತು ಬೇರೆಯವರ ಮನೆಯ ಕಟ್ಟೆಗೆ ಹೋಗುತ್ತದೆ. ಬೇರುನಾರಿನ ಕಾಷ್ಠೌಷಧಿ ಆಯಿತು, ಎಣ್ಣೆ ತಿಕ್ಕಿದ್ದಾಯಿತು, ಬಂಕಾಪುರದ ಒಬ್ಬರು ಕಟ್ಟಿದ ತಾಯಿತವೂ ತೋಳಲ್ಲಿತ್ತು. ಕೊನೆಗೆ ಕಾಕಾ ಹುಬ್ಬಳ್ಳಿಯ ದೊಡ್ಡ ಡಾಕ್ಟರೊಬ್ಬರಿಗೆ ತೋರಿಸಿ, ಕಂದು ಗಾಜಿನ ಪುಟ್ಟ ಸೀಸೆಯಲ್ಲಿ ಬಿಳಿ ಗುಳಿಗೆ ತಂದರು.

ಆ ಗುಳಿಗೆ ಮಾಡಿದ್ದನ್ನು ನೋಡಿದವರು ಪವಾಡ ಅನ್ನದೆ ಇರಲು ಸಾಧ್ಯವಿರಲಿಲ್ಲ. ನಾಲ್ಕು ದಿನದಲ್ಲಿ ಚಿಗವ್ವ ಎದ್ದು ಓಡಾಡಿದಳು. ರೊಟ್ಟಿ ಬಡಿಯುವ ಸದ್ದು ಓಣಿಗೆ ಕೇಳಿತು. ಅಷ್ಟೇ ಅಲ್ಲ, ಮೊದಲು ಮಾತು ಕಡಿಮೆ ಇದ್ದ ಹೆಂಗಸು ಈಗ ನಿಂತಲ್ಲಿ ಕೂತಲ್ಲಿ ಮಾತಾಡುತ್ತಿದ್ದಳು, ಹಾಡು ಹೇಳುತ್ತಿದ್ದಳು, ಬೆಳಗಾಗುವ ಮುಂಚೆ ಎದ್ದು ಅಂಗಳಕ್ಕೆಲ್ಲ ಸಗಣಿ ಸಾರಿಸಿಬಿಡುತ್ತಿದ್ದಳು. ನಿದ್ದೆ ಬರುವುದಿಲ್ಲ ಅನ್ನುತ್ತಿದ್ದಳು, ನಗುತ್ತಲೇ. ಹಸಿವೆಯೋ ಹಸಿವೆ. ಉಂಡು ಕೈತೊಳೆದವಳು ಮತ್ತೆ ಬುಟ್ಟಿಯಿಂದ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ನಿಂತೇ ತಿನ್ನುತ್ತಿದ್ದಳು. ನನ್ನ ನೆನಪಿನಲ್ಲಿರುವ ಅತಿ ಸಂತೋಷದ ಚಿಗವ್ವ ಆ ದಿನಗಳವಳು. ಅದರಲ್ಲಿ ಎಷ್ಟು ಚಿಗವ್ವ, ಎಷ್ಟು ಗುಳಿಗೆ ಎಂದು ಮುಂದೆ ಓದಿಕೊಂಡ ಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಗುಳಿಗೆ ಮನುಷ್ಯರಿಗೆ ಹಸಿವೆ, ಹುರುಪು ಎರಡನ್ನೂ ಕೊಡುತ್ತದೆ, ನಿದ್ದೆಯನ್ನು ಕದಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಹಾಗಾದರೆ ಅವಳು ನನಗೆ ಹೇಳಿಕೊಟ್ಟ ಹಾಡು ಯಾರು ಹಾಡಿದ್ದು? ಇದು ಮೂರ್ಖ ಪ್ರಶ್ನೆ ಅಂತ ಗೊತ್ತಿದೆ. ಚಹಾ ಕುಡಿದು ಮಾತಾಡುವವರ ಮಾತು ಚಹಾದ್ದೇ?

ಮೈ ತುಂಬಿಕೊಳ್ಳತೊಡಗಿತು. ಮೊದಲು ಗಲ್ಲ, ಆಮೇಲೆ ಗದ್ದ, ಕಡೆಗೆ ಹೊಟ್ಟೆ. ಮುಖ ಬೆಳಗಿಟ್ಟ ತಟ್ಟೆಯ ಹಾಗೆ ದುಂಡಗಾಗಿ ಕೆಂಪೇರಿತು. ಕಾಕಾನ ತೋಟದ ಎಲೆ ಕೊಂಡು ಊರೂರಿಗೆ ಕಳಿಸುವ ವ್ಯಾಪಾರಿಯ ಹೆಂಡತಿ, ಪಕ್ಕದ ಮನೆಯ ಚಾಚಿ, ಒಂದು ದಿನ ಗೋಡೆಯ ಮೇಲಿಂದ ಇಣುಕಿ ಕೇಳಿದಳಂತೆ:

"ಏನಬೇ ಶಾಂತವ್ವಾ, ಹುಣ್ಣಿವಿ ಚಂದ್ರ ನಿಮ್ಮ ಮನಿಯಾಗ ಮೂಡ್ಯಾನಲ್ಲ. ಏನರ ಸುದ್ದಿ ಐತೇನು?"

"ಸುದ್ದಿ ಎಲ್ಲೀದು ಚಾಚಿ, ಬರೇ ರೊಟ್ಟಿ ಸುದ್ದಿ. ಎಷ್ಟ ತಿಂದ್ರೂ ಹೊಟ್ಟಿ ತುಂಬವಲ್ದು."

ಆಯಿ ಒಳಗೆ ಅಡಿಕೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿದರಂತೆ. ಸೊಸೆ ಮೂರು ತಿಂಗಳಿಂದ ಮುಟ್ಟಾಗಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಕೂಡಿಸಿ ನೋಡಿದರು. ಹಸಿವೆ, ದುಂಡು ಮುಖ, ಹೊಟ್ಟೆ, ನಿಂತ ಮುಟ್ಟು. ನೀವಾದರೂ ಬೇರೆ ಏನು ಕೂಡಿಸುತ್ತಿದ್ದಿರಿ? ಸೂಲಗಿತ್ತಿಯನ್ನು ಕರೆಸಿದರು. ಆಕೆ ಹೊಟ್ಟೆ ಮುಟ್ಟಿ, ಕೂಸು ಇನ್ನೂ ಸಣ್ಣದು, ಒಳಗೆ ಸರಿದು ಕೂತಿದೆ ಅಂದಳು. ಮನೆಯವರ ಮುಖ ನೋಡಿ ಆಕೆ ತಾನೇ ಮತ್ತೇನು ಹೇಳಿಯಾಳು? ಸುದ್ದಿ ಹಾನಗಲ್ಲಿಗೆ ಮುಟ್ಟಿತು. ಅವ್ವ ಒಲೆಯ ಮುಂದೆ ಕೂತು ಅತ್ತಳು, ಅತ್ತು ಎದ್ದು ಕಡಬಿಗೆ ಹೂರಣ ಎಷ್ಟು ಬೇಕೆಂದು ಲೆಕ್ಕ ಹಾಕಿದಳು.

ನಮ್ಮ ಕಡೆ ಚೊಚ್ಚಲ ಬಸುರಿಗೆ ಐದನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಕುಬಸ ತಂದು ಉಡಿಸಿ, ಹಸಿರು ಬಳೆ ಇಡಿಸಿ, ಬಯಸಿದ್ದನ್ನೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣಿಸಬೇಕು. ಬುತ್ತಿ ಅಂದರೆ ಒಂದೆರಡು ಡಬ್ಬಿಯಲ್ಲ. ಹಾನಗಲ್ಲಿನ ಬಸ್ಸಿನಲ್ಲಿ ಬಂಕಾಪುರಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ಸವಣೂರು ಸೇರುವವರೆಗೂ ನನ್ನ ತೊಡೆಯ ಮೇಲೆ ಬದನೆಯ ಎಣಗಾಯಿ ಪಲ್ಯದ ಪಾತ್ರೆ ಇತ್ತು. ಎಣ್ಣೆ ಸೋರಿ ನನ್ನ ಲಂಗಕ್ಕೆಲ್ಲ ಹತ್ತಿತು. ಆ ಕಲೆ ಬಹಳ ವರ್ಷ ಉಳಿದಿತ್ತು, ಅದಕ್ಕೇ ಇದೊಂದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಇನ್ನು ಗುಳಿಗೆಯ ಮಾತು. ಕುಬಸಕ್ಕೆ ನಾಲ್ಕಾರು ದಿನ ಮುಂಚೆ ಆಯಿ ಚಿಗವ್ವನ ಮುಂದೆ ಕೈ ಚಾಚಿದ್ದರು.

"ಸಾಕವಾ ಇನ್ನ ಈ ಗುಳಿಗಿ. ಎರಡ ಜೀವದಾಕಿ ಇಂಗ್ರೇಜಿ ಔಷಧಾ ತಿಂದ್ರ ಕೂಸಿಗೆ ತಡಕೊಳ್ಳಾಕ ಆಕ್ಕೇತೇನು?"

ಚಿಗವ್ವ ಸೀಸೆ ತಂದು ಅವರ ಕೈಯಲ್ಲಿಟ್ಟು ಹೇಳಿದ್ದು ಇದು: "ನೀವ ಇಟಗೋರಿ ಅತ್ತಿ. ನನ್ನ ಕೈಯಾಗಿದ್ರ ನಾ ತಿಂತೇನಿ."

ಈ ಮಾತನ್ನು ಅವ್ವನೂ ಹೀಗೇ ಹೇಳುತ್ತಿದ್ದಳು, ಆಯಿಯೂ ಹೀಗೇ ಹೇಳುತ್ತಿದ್ದರು. ಇಬ್ಬರ ಹೇಳಿಕೆಯೂ ಕೂಡುವ ಜಾಗ ಇಡೀ ಕತೆಯಲ್ಲಿ ಇದೊಂದೇ. ಅದನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಆಸೆಗೆ ಬಿದ್ದು ಕೂಸಿಗೆ ಕೇಡು ಮಾಡಿಯೇನು ಅನ್ನುವ ತಾಯಿಯ ಅಂಜಿಕೆಯೂ ಅದರಲ್ಲಿ ಇರಬಹುದು. ಬೇರೇನೋ ಕೂಡ ಇರಬಹುದು.

ಕುಬಸದ ತಯಾರಿ ಕಾಕಾನಿಗೆ ಕಾಣುತ್ತಿತ್ತು, ಗುಳಿಗೆ ಬಿಡಿಸಿದ್ದು ಮಾತ್ರ ಗೊತ್ತಿರಲಿಲ್ಲ. ಇದೇನೂ ಮುಚ್ಚಿಟ್ಟಿದ್ದಲ್ಲ. ಬಸಿರಿನ ಮಾತು ಹೆಂಗಸರ ಮಾತು, ಗಂಡಸಿನ ಮುಂದೆ ಆಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅತ್ತ ಹುಬ್ಬಳ್ಳಿಯ ಡಾಕ್ಟರು ಈ ಗುಳಿಗೆ ಒಮ್ಮೆಲೇ ನಿಲ್ಲಿಸಬಾರದು ಎಂದು ಕಾಕಾನಿಗೆ ತಾಕೀತು ಮಾಡಿದ್ದರು. ಅದು ಗಂಡಸರ ಮಾತಾಗಿ ಕಾಕಾನ ಹತ್ತಿರವೇ ಉಳಿಯಿತು. ಪಡಸಾಲೆಯಲ್ಲಿ ಒಂದು ಮಾತು, ಅಡುಗೆಮನೆಯಲ್ಲಿ ಒಂದು ಮಾತು. ನಡುವಿನ ಬಾಗಿಲು ತೆರೆದೇ ಇತ್ತು, ಆದರೆ ಯಾರೂ ಮಾತನ್ನು ಆಚೆ ದಾಟಿಸಲಿಲ್ಲ. ಕಾಕಾ ಹೊಸ ಸೀಸೆ ತಂದು ಗೂಡಿನಲ್ಲಿ ಇಟ್ಟರು, ಆಯಿ ಅದನ್ನೂ ತಮ್ಮ ಸಂಚಿಗೆ ಸೇರಿಸಿದರು. ಹುಬ್ಬಳ್ಳಿಯಿಂದ ಬಂದದ್ದನ್ನು ಎಸೆಯಲು ಮನಸ್ಸು ಬರಲಿಲ್ಲವಂತೆ. ಆ ಜಿಪುಣತನಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಕುಬಸದ ದಿನ ಚಿಗವ್ವ ಮಣೆಯ ಮೇಲೆ ಕೂತಿದ್ದಳು. ಬಳೆಗಾರ ಅವಳ ಕೈ ಹಿಡಿದು ಒಂದೊಂದೇ ಬಳೆ ಏರಿಸುತ್ತಿದ್ದ. ಅವನ ಹೆಬ್ಬೆರಳು ಊರಿದಲ್ಲೆಲ್ಲ ನೋಡುನೋಡುತ್ತ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆ ಎದ್ದಿತು. ಅವನು ಗಾಬರಿಯಾಗಿ ಕೈ ಬಿಟ್ಟು, "ತಾಯಿ, ನಾ ಒತ್ತೇ ಇಲ್ರೀ" ಅಂದ. ಹೆಂಗಸರು ನಕ್ಕರು, ಬಸುರಿಯ ಮೈ ಬೆಣ್ಣೆ ಆಗಿದೆ ಅಂದರು. ಅದು ತೆಳುವಾದ ಚರ್ಮ. ಗುಳಿಗೆ ತಿಂಗಳುಗಟ್ಟಲೆ ಒಳಗಿಂದ ತೆಳು ಮಾಡಿದ್ದು. ಕೈಕಾಲಿನ ಮಾಂಸವನ್ನು ಕರಗಿಸಿ ಸಕ್ಕರೆ ಮಾಡಿ, ಕೊಬ್ಬನ್ನು ತಂದು ಮುಖಕ್ಕೂ ಹೊಟ್ಟೆಗೂ ಮೆತ್ತುವುದು ಅದರ ಕ್ರಮ, ಮುಟ್ಟನ್ನು ತಡೆಯುವುದೂ. ದುಂಡು ಹೊಟ್ಟೆಯ ಕೆಳಗೆ ಅವಳ ಕಾಲುಗಳು ಜೋಳದ ದಂಟಿನ ಹಾಗಿದ್ದವು. ಅದನ್ನು ನಾವ್ಯಾರೂ ನೋಡಲಿಲ್ಲ. ಹಸಿರು ಸೀರೆ ಪಾದದವರೆಗೂ ಇತ್ತು.

ಅವಳು ನಗುತ್ತಿದ್ದಳೇ? ನಗುತ್ತಿದ್ದಳು ಅಂತ ಬರೆಯಲು ಕೈ ಹೋಗುತ್ತದೆ. ನನಗೆ ನಿಜವಾಗಿ ನೆನಪಿರುವುದು ಅವಳ ಹಣೆಯ ಮೇಲಿನ ಬೆವರು, ಮತ್ತು ಪಕ್ಕದಲ್ಲಿ ಕೂತ ನನ್ನ ಅಂಗೈಯನ್ನು ಅವಳು ಬಿಡದೆ ಹಿಡಿದುಕೊಂಡದ್ದು. ಸೋಬಾನೆ ಹಾಡುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು, ತಾನು ಬೇರೆಯವರ ಕುಬಸಕ್ಕೆ ಬಂದವಳ ಹಾಗೆ.

ಅವ್ವ ತಮ್ಮನನ್ನು ಕರೆದುಕೊಂಡು ಹಾನಗಲ್ಲಿಗೆ ಮರಳಿದಳು. ಸಾಲಿಗೆ ಸೂಟಿ ಇತ್ತು, ನಾನು ಚಿಗವ್ವನ ಹತ್ತಿರ ಉಳಿದೆ. ಮರುದಿನದಿಂದಲೇ ಇರಬೇಕು, ಚಿಗವ್ವ ಸೋಲತೊಡಗಿದಳು. ಎದ್ದು ನಿಂತರೆ ಕಣ್ಣು ಕತ್ತಲು. ಮೊನ್ನೆ ನಿಂತು ರೊಟ್ಟಿ ತಿನ್ನುತ್ತಿದ್ದವಳಿಗೆ ಅನ್ನದ ವಾಸನೆ ಆಗುತ್ತಿರಲಿಲ್ಲ. ವಾಂತಿ ಸುರುವಾಯಿತು. ಕೀಲುಗಳು ಮತ್ತೆ ಬಾತವು. ಆಯಿಗೆ ಇದರಿಂದ ಸಂತೋಷವೇ ಆಯಿತು ಅಂದರೆ ಅವರನ್ನು ತಪ್ಪು ತಿಳಿಯಬೇಡಿ. ಬಸುರಿ ವಾಂತಿ ಮಾಡಿಕೊಳ್ಳದೆ ಇದ್ದದ್ದೇ ಅವರಿಗೆ ಒಳಗೊಳಗೆ ಚಿಂತೆಯಾಗಿತ್ತು. "ಕೆಲವೊಬ್ರಿಗೆ ತಡಾ ಮಾಡಿ ಸುರು ಆಕ್ಕೇತಿ" ಎಂದು ಚಾಚಿಗೆ ಹೇಳಿ, ನಿಂಬೆಹಣ್ಣಿನ ಉಪ್ಪಿನಕಾಯಿ ನೆಕ್ಕಿಸಿದರು. ಚಿಗವ್ವನ ಮೈಯ ಒಂದೊಂದು ಕೂಗನ್ನೂ ಮನೆ ಕೂಸಿನ ಮಾತೆಂದು ಕೇಳಿಸಿಕೊಳ್ಳುತ್ತಿತ್ತು.

ಆಮೇಲೆ ಜ್ವರ ಬಂತು. ಒಂದು ಮುಂಜಾನೆ ನಾನು ಚಹಾ ಒಯ್ದು ಕೊಟ್ಟರೆ ಏಳಲಿಲ್ಲ. ಅಲುಗಿಸಿದರೆ ಕಣ್ಣು ಅರ್ಧ ತೆರೆದು ನನ್ನನ್ನು ಅವ್ವನ ಹೆಸರಿನಿಂದ ಕರೆದಳು. ಕೈ ಮುಟ್ಟಿದರೆ ತಣ್ಣಗೆ, ಒದ್ದೆ. ಹಸಿರು ಬಳೆಗಳ ಒಳಗೆ ನಾಡಿ ಎಲ್ಲಿ ಬಡಿಯುತ್ತಿದೆ ಎಂದು ಆಯಿ ಹುಡುಕಿದರು, ಸಿಗಲಿಲ್ಲ. ಕಾಕಾ ತೋಟದಿಂದ ಓಡಿ ಬಂದರು. ಚಾಚಿಯ ಗಂಡನ ಎಲೆ ಲಾರಿ ಹುಬ್ಬಳ್ಳಿಗೆ ಹೊರಟು ನಿಂತಿತ್ತು. ಅದರಲ್ಲೇ ಒಂದಿಷ್ಟು ಬುಟ್ಟಿ ಇಳಿಸಿ, ಚಾಪೆ ಹಾಸಿ ಮಲಗಿಸಿದರು.

ನಾನು ಆ ಲಾರಿಯಲ್ಲಿ ಇದ್ದೆನೇ? ಇರಲಿಲ್ಲ, ನಿನ್ನನ್ನು ಚಾಚಿಯ ಮನೆಯಲ್ಲಿ ಬಿಟ್ಟಿದ್ದರು ಅಂತ ಅವ್ವ ಕೊನೆಯವರೆಗೂ ವಾದಿಸಿದಳು. ಅವಳೇ ಆಗ ಅಲ್ಲಿರಲಿಲ್ಲ. ಒದ್ದೆ ಗೋಣಿತಟ್ಟಿನ ಕೆಳಗಿನ ಹಸಿ ಎಲೆಯ ಘಾಟು ಇವತ್ತಿಗೂ ಬಂದರೆ ನಾನು ಎದ್ದು ಆಚೆ ಹೋಗುತ್ತೇನೆ. ಕಾಣದ ಸಂಗತಿಯ ವಾಸನೆ ಯಾರನ್ನಾದರೂ ಹೀಗೆ ಎಬ್ಬಿಸುತ್ತದೆಯೇ? ಹಾಗಾಗಿ ಇದ್ದೆ ಎಂದೇ ಇಟ್ಟುಕೊಂಡಿದ್ದೇನೆ. ಹುಬ್ಬಳ್ಳಿಯವರೆಗೆ ಇವಳು ತಡೆಯುವುದಿಲ್ಲ ಎಂದು ಶಿಗ್ಗಾಂವಿಯಲ್ಲೇ ಲಾರಿ ನಿಲ್ಲಿಸಿ ಒಬ್ಬ ಡಾಕ್ಟರ ಮನೆಗೆ ಒಯ್ದರು. ಒಳಗೆ ನಡೆದದ್ದನ್ನು ನಾನು ನೋಡಲಿಲ್ಲ. ಅದನ್ನು ಆಯಿಯೇ ಹೇಳಬೇಕು. ಅವರು ಸಾಯುವವರೆಗೂ, ಕೇಳಿದವರಿಗೆ ಕೇಳದವರಿಗೆ, ಒಂದಕ್ಷರ ಬದಲಿಸದೆ ಹೇಳಿದರು.

ಡಾಕ್ಟರು ನಾಡಿ ಹಿಡಿದು, ದುಂಡು ಮುಖ ನೋಡಿ, ತೋಳಿನ ಕಲೆ ನೋಡಿ, ಹೊಟ್ಟೆ ಮುಟ್ಟಿ ನೋಡಿ ಕೇಳಿದರಂತೆ, "ಇವರು ಯಾವ ಔಷಧ ತಗೋತಾರ?"

ಕಾಕಾ, "ಹುಬ್ಬಳ್ಳಿ ಡಾಕ್ಟರ ಗುಳಿಗಿ ರೀ. ಕೀಲುಬ್ಯಾನಿಗೆ. ದಿನಾ ತಪ್ಪದ ತಗೋತಾಳ" ಅಂದರು.

"ದಿನಾ? ನಿನ್ನೆ ತಗೊಂಡಾರೇನು?"

"ಹೌದ್ರಿ" ಅಂದರು ಕಾಕಾ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಡಾಕ್ಟರು ಹುಬ್ಬು ಗಂಟಿಕ್ಕಿ ಮತ್ತೆ ಮೊದಲಿನಿಂದ ಪರೀಕ್ಷಿಸತೊಡಗಿದರು, ಹಿಡಿದ ದಾರಿ ತಪ್ಪಿದವರ ಹಾಗೆ.

ಆಗ ಆಯಿ ಸೊಂಟದ ಸಂಚಿ ಬಿಚ್ಚಿದರು. ಎಲೆ ತೆಗೆದಿಟ್ಟರು, ಸುಣ್ಣದ ಡಬ್ಬಿ ತೆಗೆದಿಟ್ಟರು, ಅಡಕತ್ತರಿ ತೆಗೆದಿಟ್ಟರು. ತಳದಿಂದ ಎರಡು ಕಂದು ಸೀಸೆ ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟರು.

"ತಗೊಳ್ಳಾಕತ್ತಿಲ್ರಿ. ನಾನ ಬಿಡಿಸೇನಿ. ಬಸರ್ಯಾಗ್ಯಾಳ ಅಂತ ಬಿಡಿಸೇನಿ."

ಮಗನ ಎದುರಿಗೆ, ಪರ ಗಂಡಸಿನ ಎದುರಿಗೆ, ಆ ವಯಸ್ಸಿನ ಹೆಂಗಸು ಅಷ್ಟನ್ನು ಬಾಯಿ ಬಿಟ್ಟು ಹೇಳುವುದು ಸಣ್ಣ ಮಾತಲ್ಲ. ಅಡುಗೆಮನೆಯ ಮಾತು ಕಡೆಗೂ ಪಡಸಾಲೆಗೆ ಬಂತು. ಡಾಕ್ಟರು ಬೈಯಲಿಲ್ಲವಂತೆ. ಸೀಸೆ ಎತ್ತಿ ಚೀಟಿ ಓದಿದವರೇ ಒಳಗೆ ಓಡಿ, ಸೂಜಿ ತಂದು ಚುಚ್ಚಿದರು. ತೋಳಿಗೆ ಸಲೈನು ಹಚ್ಚಿದರು. ಬಳೆ ಅಡ್ಡ ಬರುತ್ತವೆ, ಒಡೆಯಲೇ ಎಂದು ಕೇಳಿದ್ದಕ್ಕೆ ಆಯಿ ಬೇಡವೆಂದು, ತಾವೇ ಅವನ್ನು ಮೊಣಕೈವರೆಗೆ ಮೇಲೆ ಸರಿಸಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ಕೂತರು.

ಹೊತ್ತು ಇಳಿಯುವ ಮುಂಚೆ ಚಿಗವ್ವ ಕಣ್ಣು ಬಿಟ್ಟಳು. ಈ ಭಾಗಕ್ಕೆ ನನ್ನನ್ನು ಒಳಗೆ ಬಿಟ್ಟಿದ್ದರು. ಅವಳು ಮೇಲಿನ ಜಂತಿ ನೋಡಿದಳು, ನನ್ನನ್ನು ನೋಡಿದಳು, ನನ್ನ ಹೆಸರನ್ನೇ ಕರೆದಳು, ಸರಿಯಾಗಿ. ಆಮೇಲೆ, "ಹಸಿವಿ ಆಗೇತಿ" ಅಂದಳು.

ಆಯಿ ನಕ್ಕರೋ ಅತ್ತರೋ ಹೇಳಲಾರೆ, ಎರಡಕ್ಕೂ ಅವರ ಮುಖ ಒಂದೇ ರೀತಿ ಸುಕ್ಕಾಗುತ್ತಿತ್ತು. ಕಾಕಾ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತು ಮೂಗು ಸೀಟಿದರು. ಎಲೆ ಬಾಡಿತೆಂದು ಬೈದುಕೊಳ್ಳಬೇಕಾದ ಲಾರಿಯ ಡ್ರೈವರು ಯಾವಾಗಲೋ ಹೋಟೆಲಿನಿಂದ ಚಹಾ ತಂದಿದ್ದ. ಎಲ್ಲರಿಗೂ ಒಂದೊಂದು ಕಪ್ಪು. ಅಷ್ಟು ರುಚಿಯಾದ ಚಹಾ ಮತ್ತೆ ಕುಡಿದಿಲ್ಲ.

ಕೂಸಿಲ್ಲ ಎನ್ನುವುದನ್ನು ಡಾಕ್ಟರು ಆಯಿಗೆ ಹೇಳಿದ್ದರು. ಆಯಿ ಅದನ್ನು ಸೊಸೆಗೆ ಹೇಳಿದ್ದು ಗಂಜಿ ಕುಡಿಸುತ್ತ. "ಕೂಸು ಇಲ್ಲಂತವಾ. ಇರಲಿ ಬಿಡು. ನೀ ಅದಿಯಲ್ಲ, ಸಾಕು."

ಚಿಗವ್ವ ಒಂದು ಗುಟುಕು ನುಂಗಿ, ಮೊಣಕೈ ತನಕ ಏರಿದ್ದ ಬಳೆಗಳನ್ನು ನೋಡಿಕೊಂಡಳು. "ಹಂಗಾರ ಬಳಿ?"

"ಬಳಿ ಇರಲಿ. ಬಳಿಗೇನ ಗೊತ್ತೈತಿ? ನಿನ್ನ ಕೈಗೆ ಛಂದ ಕಾಣತಾವ."

ಅವಳು ಅಳಲಿಲ್ಲ. ನನಗೆ ಆಗ ಅದು ವಿಚಿತ್ರ ಅನ್ನಿಸಲಿಲ್ಲ, ಗಂಜಿ ಬಿಸಿಯಿತ್ತು, ಅವಳು ಊದಿ ಊದಿ ಕುಡಿಯುತ್ತಿದ್ದಳು. ಅನ್ನಿಸಿದ್ದು ಬಹಳ ವರ್ಷದ ಮೇಲೆ.

ಆಮೇಲಿನ ದಿನಗಳಲ್ಲಿ ಗುಳಿಗೆಯ ಯಜಮಾನಿಕೆ ಆಯಿಯದು. ಹುಬ್ಬಳ್ಳಿಯ ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದು ಹೇಳಿದ್ದನ್ನು ಕಾಕಾ ಈ ಸಲ ಪಡಸಾಲೆಯ ನಡುವೆ ನಿಂತು, ಎಲ್ಲರೂ ಕೇಳುವ ಹಾಗೆ ಹೇಳಿದರು. ಮೊದಲು ಇಡೀ ಗುಳಿಗೆ, ಕೆಲವು ವಾರ ಬಿಟ್ಟು ಮುಕ್ಕಾಲು, ಆಮೇಲೆ ಅರ್ಧ. ಆಯಿ ಅಡಕತ್ತರಿಯ ಬಾಯಲ್ಲಿ ಗುಳಿಗೆ ಇಟ್ಟು, ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ಅಡಿಕೆಯನ್ನು ಕಣ್ಣುಮುಚ್ಚಿ ಹೋಳು ಮಾಡುವವರು ಇದಕ್ಕೆ ಎರಡೆರಡು ಸಲ ಗುರುತು ನೋಡುತ್ತಿದ್ದರು. ಪುಡಿಯಾದರೆ ಬೆರಳು ಒದ್ದೆ ಮಾಡಿ ಅದನ್ನೂ ಒತ್ತಿ ತೆಗೆದು ಬೆಲ್ಲಕ್ಕೆ ಹಚ್ಚುತ್ತಿದ್ದರು. ನಾನು ಗುಳಿಗೆ ನೆಕ್ಕಿದ್ದು ಆವಾಗಲೇ. ನನ್ನ ಮುಖ ನೋಡಿ ಆಯಿ ಸಂಚಿ ಕೆಳಗಿಟ್ಟು ನಕ್ಕರು.

ಸೂಟಿ ಮುಗಿದು ನಾನು ಹಾನಗಲ್ಲಿಗೆ ಬಂದೆ. ದೀಪಾವಳಿಗೆ ಮತ್ತೆ ಹೋದಾಗ ಮುಖದ ದುಂಡು ಅರ್ಧ ಇಳಿದಿತ್ತು. ಗದ್ದದ ಮೂಳೆ ಕಂಡಿತ್ತು. ಗೋಡೆಯ ಮೇಲಿಂದ ಚಾಚಿ ಚಂದ್ರ ಕರಗಿ ತಮ್ಮ ಶಾಂತವ್ವ ವಾಪಸು ಬಂದಳು ಎಂದು ಎಲ್ಲರಿಗೂ ಸಾರುತ್ತಿದ್ದಳು. ಕೀಲುನೋವೂ ಅವಳ ಜೊತೆ ವಾಪಸು ಬಂದಿತ್ತು, ಆದರೆ ತಾಳುವಷ್ಟು. ರೊಟ್ಟಿ ಬಡಿಯುವ ಕೆಲಸವನ್ನು ಆಯಿ ತಾವೇ ಹಿಡಿದಿದ್ದರು. ಆ ಮನೆಯ ರೊಟ್ಟಿಯ ಮಾತು ಯಾರ ಕಟ್ಟೆಯ ಮೇಲೆ ಬಂತೋ ಬಿಟ್ಟಿತೋ, ಆಯಿ ವಿಚಾರಿಸಿದ ಹಾಗೆ ಕಾಣಲಿಲ್ಲ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಒಂದು ದಿನ ಪಾಠದ ನಡುವೆ ನನ್ನ ಪೆನ್ನು ನಿಂತಿತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯ ಹಾಗೆ ಕೂತ ಎರಡು ಪುಟ್ಟ ಗ್ರಂಥಿಗಳು. ಅವು ಸುರಿಸುವ ರಸದಿಂದಲೇ ನಾವು ಉಪವಾಸದಲ್ಲಿ, ಜ್ವರದಲ್ಲಿ, ಅಂಜಿಕೆಯಲ್ಲಿ ಬಿದ್ದುಹೋಗದೆ ನಿಲ್ಲುವುದು. ರಕ್ತದಲ್ಲಿ ಸಕ್ಕರೆ ಇಳಿಯದಂತೆ, ನಾಡಿ ಸೋಲದಂತೆ ನೋಡಿಕೊಳ್ಳುವುದು ಅದೇ. ಅದೇ ರಸವನ್ನು ಗುಳಿಗೆ ಮಾಡಿ ಹೊರಗಿಂದ ಕೊಟ್ಟರೆ ನೋವು, ಬಾವು ಇಳಿಯುತ್ತವೆ. ಆದರೆ ದಿನವೂ ಯಾರೋ ಬುತ್ತಿ ತಂದುಕೊಡುವ ಮನೆಯಲ್ಲಿ ಒಲೆ ಹಚ್ಚುವುದು ಮರೆತುಹೋದ ಹಾಗೆ, ಗ್ರಂಥಿ ತನ್ನ ಕೆಲಸ ಬಿಟ್ಟು ಸೊರಗುತ್ತದೆ. ಬುತ್ತಿ ಒಮ್ಮೆಲೇ ನಿಂತರೆ ಮನೆ ಉಪವಾಸ. ಅಷ್ಟರಲ್ಲಿ ಜ್ವರವೂ ಅತಿಥಿಯಾಗಿ ಬಂದರೆ ಮುಗಿಯಿತು. ಮೆಲ್ಲಗೆ ಇಳಿಸಿದರೆ ಒಲೆಗೆ ಮತ್ತೆ ಕಿಚ್ಚು ಹತ್ತಲು ವೇಳೆ ಸಿಗುತ್ತದೆ. ನನಗೆ ಪಾಠದ ಕೋಣೆಯಲ್ಲೇ ಮೈ ಹಗುರಾಯಿತು. ಆ ದಿನಗಳಲ್ಲಿ ಓಣಿಯ ಕೆಲವರು ಚಿಗವ್ವನ ಕಾಯಿಲೆಗೆ ಬೇರೆ ಕಾರಣ ಕೊಟ್ಟಿದ್ದರು, ಬಂಜೆ ಕುಬಸಕ್ಕೆ ಕೂತದ್ದಕ್ಕೆ ಹೀಗಾಯಿತು ಅಂದಿದ್ದರು. ಆ ಮಾತು ಎಲ್ಲೋ ನನ್ನೊಳಗೂ ಉಳಿದಿತ್ತು ಅಂತ ಅದು ಹೊರಟುಹೋದಾಗ ಗೊತ್ತಾಯಿತು.

ಸೂಟಿಯಲ್ಲಿ ಸವಣೂರಿಗೆ ಹೋದವಳು ಒಲೆ ಬುತ್ತಿಗಳ ಸಮೇತ ಆಯಿಗೆ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ, "ಅಂದ್ರ ತಪ್ಪು ನಂದ ಅಂತ ಹೇಳಾಕ ಧಾರವಾಡದಿಂದ ಬಂದಿಯೇನು?" ಅಂದರು. ಚಿಗವ್ವ ಒಳಗಿನಿಂದಲೇ ಹೇಳಿದಳು, "ಆಕಿ ಹೇಳಾಕತ್ತಿದ್ದು, ತಪ್ಪು ಯಾರದೂ ಅಲ್ಲ ಅಂತ ರೀ ಅತ್ತಿ. ಕಿವಿ ಮಂದ ಆಗ್ಯಾವ ನಿಮಗ." ಆಯಿ ಎಲೆ ಮಡಿಚಿ ಮೊದಲು ನನ್ನ ಬಾಯಿಗೆ ಇಟ್ಟರು.

ಇನ್ನೊಂದು ಸಂಗತಿ, ಇದು ಬಹಳ ವರ್ಷ ಆಮೇಲಿನದು, ಆದರೆ ಇಲ್ಲೇ ಹೇಳಬೇಕು. ನನ್ನ ಮಗಳಿಗೆ ತಿಂಗಳು ತುಂಬುವ ಮುಂಚೆಯೇ ಹೆರಿಗೆ ನೋವು ಕಾಣಿಸಿಕೊಂಡಿತು. ಡಾಕ್ಟರು ಅವಳಿಗೆ ಸೂಜಿ ಕೊಟ್ಟರು, ಕೂಸಿನ ಪುಪ್ಪುಸ ಬೇಗ ಬಲಿಯಲಿ ಎಂದು. ಏನದು ಎಂದು ಕೇಳಿದೆ. ಅದೇ ಕುಲದ ರಸ. ತಾಯಿಯ ಗರ್ಭದಲ್ಲಿ ತಿಂಗಳು ತುಂಬಿದ ಕೂಸಿಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಶಕ್ತಿ ಬರುವುದು ಅದರಿಂದಲೇ ಅಂತೆ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆಯಿಯನ್ನು ನೆನೆದೆ. ಕೂಸಿಗೆ ತಡೆಯುವುದಿಲ್ಲ ಎಂದು ಸಂಚಿಯಲ್ಲಿ ಬಚ್ಚಿಟ್ಟದ್ದನ್ನೇ ಇಲ್ಲಿ ಕೂಸಿಗಾಗಿ ಕೊಡುತ್ತಿದ್ದರು. ಕೂಸು ಹುಟ್ಟಿದ ಕೂಡಲೇ ಅತ್ತಿತು, ಗಟ್ಟಿಯಾಗಿ. ಆ ಅಳುವಿಗೆ ಇಡೀ ವರಾಂಡ ಉಸಿರು ಬಿಟ್ಟಿತು.

ಈಗ ನನ್ನ ಸರದಿ. ಗುಳಿಗೆ ಸುರುಮಾಡಿದ ಮೂರನೆಯ ದಿನಕ್ಕೆ ಉಸಿರು ಸಲೀಸಾಯಿತು, ಹಸಿವೆ ಹೆಚ್ಚಾಯಿತು, ಬೆಳಗಾಗುವ ಮೊದಲೇ ಎದ್ದು ಕಪಾಟು ಸ್ವಚ್ಛ ಮಾಡಿದೆ, ಹಾಡು ಗುನುಗಿದೆ. ಗುನುಗುತ್ತಿದ್ದದ್ದು ಚಿಗವ್ವನ ಹಾಡು ಎಂದು ಗೊತ್ತಾಗಿ ನಾಚಿಕೆಯಾಯಿತು. ಗುಳಿಗೆಯದೇ ಇರಲಿ, ಹಾಡು ಚೆನ್ನಾಗಿತ್ತು. ಅರ್ಧ ಮಾಡುವ ವಾರ ಬಂದಾಗ ಅಂಗಡಿಯಲ್ಲಿ ಗುಳಿಗೆ ಕತ್ತರಿಸುವ ಸಾಧನ ಸಿಗುತ್ತದೆ ಅಂದರು. ನಾನು ಬಸ್ಸು ಹತ್ತಿ ಸವಣೂರಿಗೆ ಹೋದೆ.

ಚಿಗವ್ವ ಈಗ, ಆಗ ಬೇರೆ ಇದ್ದ ಕಾಕಾನ ತಮ್ಮನ ಮಕ್ಕಳು ಮೊಮ್ಮಕ್ಕಳ ನಡುವೆ ಇದ್ದಾಳೆ, ಮನೆ ತುಂಬ ಗದ್ದಲ. ಬೆರಳುಗಳು ಸೊಟ್ಟಗಾಗಿವೆ, ಕಿವಿ ಮಾತ್ರ ಚುರುಕು. ಗುಳಿಗೆಯ ಸಮಾಚಾರ ಹೇಳಿದೆ. ಅವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಇನ್ನೂ ಚಂದ್ರ ಮೂಡಿಲ್ಲ ಎಂದು ತೀರ್ಪು ಕೊಟ್ಟಳು. ಆಮೇಲೆ ಟ್ರಂಕಿನಿಂದ ಆಯಿಯ ಅಡಕತ್ತರಿ ತೆಗೆಸಿದಳು. ಇಬ್ಬರೂ ಕೂತು, ಅವಳು ಹೇಳುತ್ತ, ನಾನು ಒತ್ತುತ್ತ, 'ಟಕ್' ಅಂತ ಗುಳಿಗೆ ಸರಿಯಾಗಿ ಎರಡಾಯಿತು. ಅವಳಿಗೆ ಅದು ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಕತ್ತರಿಸು ಅಂದಳು.

ಆ ಖುಷಿಯ ಧೈರ್ಯದಲ್ಲೇ ನಾನು ಇಷ್ಟು ವರ್ಷ ಕೇಳದ್ದನ್ನು ಕೇಳಿಬಿಟ್ಟೆ. ಅವಳು ಅಡಕತ್ತರಿಯ ಬಾಯಿಗೆ ಹತ್ತಿದ ಬಿಳಿ ಪುಡಿಯನ್ನು ಸೊಟ್ಟ ಬೆರಳಿನಿಂದ ಒರೆಸಿದಳು, ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು, ಬೆಲ್ಲ ತರಲು ಒಳಗೆ ಕೂಗಿ ಹೇಳಿದಳು. ಅಷ್ಟೇ. ಅಲ್ಲಿಂದ ಬಂದ ಮೇಲೆ ಫೋನಿನಲ್ಲಿ ಎರಡು ಮೂರು ಸಲ ಮಾತಾಡಿದ್ದೇವೆ. ಸೊಂಟನೋವು, ಎಲೆಯ ದರ, ನನ್ನ ಗುಳಿಗೆ ಈಗ ಕಾಲು ಭಾಗಕ್ಕೆ ಇಳಿದದ್ದು, ಎಲ್ಲ ಬಂತು. ಅದೊಂದು ಬರಲಿಲ್ಲ. ನಾನೂ ಮತ್ತೆ ಕೇಳಿಲ್ಲ. ಅವಳು ಉಳಿದಿದ್ದಾಳೆ ಅನ್ನುವ ಸಮಾಧಾನದ ಪಕ್ಕದಲ್ಲಿ ಉತ್ತರವಿಲ್ಲದ ಒಂದು ಪ್ರಶ್ನೆಯೂ ಆರಾಮಾಗಿ ಕೂತಿರಬಹುದು ಎಂದು ಈಗ ಅನ್ನಿಸುತ್ತದೆ. ನಾನು ಕೇಳಿದ್ದು ಇಷ್ಟು:

"ಚಿಗವ್ವಾ, ಅವತ್ತ ಹಸರ ಸೀರಿ ಉಟಗೊಂಡು ಮಣಿ ಮ್ಯಾಲೆ ಕುಂತಿದ್ದೆಲ್ಲ, ಕೂಸಿಲ್ಲ ಅಂತ ನಿನಗ ಗೊತ್ತಿತ್ತೇನು?"